ಕಾಸರಗೋಡಿನ ಕನ್ನಡಿಗ ಕುಡಿತ ಬಿಡುವ ಮೀಟಿಂಗನ್ನು ಎಲ್ಲಿ ಹುಡುಕುತ್ತಾನೆ?

ಪೆರ್ಲದಲ್ಲಿರುವ ನಿಮ್ಮ ಭಾವನಿಗೆ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರೇ ಸೇರುವ ಗುಂಪು) ಮೀಟಿಂಗ್ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಪೆರ್ಲ ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಹಾಗಾಗಿ ಕೇರಳದಲ್ಲೇ ಹುಡುಕಬೇಕು ಅಂತ ನಿಮಗೆ ಅನಿಸಿರಬಹುದು. ಇಲ್ಲಿ ಹಾಗೆ ಹುಡುಕಿದರೆ ಕೆಲಸ ಆಗುವುದಿಲ್ಲ. ಯಾವ ಭಾಷೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಆಗುತ್ತದೋ ಆ ಕಡೆಯ ಬಸ್ಸು ಹತ್ತಬೇಕು.

1956ರಲ್ಲಿ ನಾವು ಕಾಸರಗೋಡಿನವರು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿದೆವು. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ, ಓದಿದ್ದು ಕನ್ನಡ ಶಾಲೆಯಲ್ಲಿ, ಆಫೀಸಿನ ಕಾಗದ ಬರುವುದು ಮಲಯಾಳದಲ್ಲಿ. ಮೀನು ಕೊಳ್ಳುವಷ್ಟು, ಬಸ್ಸಿನಲ್ಲಿ ದಾರಿ ಕೇಳುವಷ್ಟು ಮಲಯಾಳ ಎಲ್ಲರಿಗೂ ಬರುತ್ತದೆ. ಆದರೆ ಮಗಳ ಫೀಸಿನ ದುಡ್ಡು ಕುಡಿದು ಮುಗಿಸಿದೆ ಅಂತ ಹತ್ತು ಜನರ ಮುಂದೆ ಆ ಭಾಷೆಯಲ್ಲಿ ಹೇಳಲು ನಾಲಿಗೆ ಏಳುವುದಿಲ್ಲ. ಕಾಞಂಗಾಡ್ ಕಡೆ ಹೋದಷ್ಟೂ ಮಾತೆಲ್ಲ ಮಲಯಾಳವೇ. ಪೆರ್ಲದವರಿಗೆ ಗಡಿಯ ಅಡ್ಕಸ್ಥಳ ದಾಟಿ ಕರ್ನಾಟಕದ ವಿಟ್ಲ, ಪುತ್ತೂರು ಹತ್ತಿರ. ಮಂಜೇಶ್ವರ, ಉಪ್ಪಳದವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ.

ಆದರೆ ಮೊದಲು ಡಾಕ್ಟರು, ಆಮೇಲೆ ಮೀಟಿಂಗ್. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದೆಲ್ಲ ಕಾಣಿಸಿ ಏನೇನೋ ಮಾತಾಡುವುದೂ ಉಂಟು. ಇದು ಜೀವಕ್ಕೇ ಅಪಾಯ. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಅಂತ ಮನೆಯವರು ಹೊರಟರೆ ದಯವಿಟ್ಟು ತಡೆಯಿರಿ. ಕೇರಳ ಸರ್ಕಾರದ ವಿಮುಕ್ತಿ ಯೋಜನೆಯ ಚಿಕಿತ್ಸಾ ಕೇಂದ್ರ ನಮ್ಮ ಜಿಲ್ಲೆಯಲ್ಲಿ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ಅದರ ಉಚಿತ ನಂಬರ್ 14405. ದೇಶಕ್ಕೆಲ್ಲ ಇರುವ ಸಹಾಯವಾಣಿ 14446. ಚಿಕಿತ್ಸೆಗೆ ನೀಲೇಶ್ವರಕ್ಕೆ ಹೋಗಿ, ಮಾತಿಗೆ ಗಡಿಯಾಚೆ ಕರ್ನಾಟಕಕ್ಕೆ ಹೋದರೂ ತಪ್ಪೇನಿಲ್ಲ.

ನಾನು ನಮ್ಮ ಚಿಕ್ಕಪ್ಪನ ಜೊತೆ ಓಪನ್ ಮೀಟಿಂಗ್‌ಗಳಿಗೆ ಹೋಗುತ್ತೇನೆ. ಓಪನ್ ಅಂದರೆ ಮನೆಯವರೂ ಕೂರಬಹುದು. ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವ ಹಾಗಿಲ್ಲ, ಕೋಣೆ ಹೇಗಿರುತ್ತದೆ ಅಂತ ಹೇಳಬಹುದು. ಸಾಲು ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, ನಾನೊಬ್ಬ ಆಲ್ಕೋಹಾಲಿಕ್ ಅಂತ ಹೇಳಿ ತಮ್ಮ ಕಥೆ ಹೇಳುತ್ತಾರೆ. ಇದಕ್ಕೆ ಶೇರಿಂಗ್ ಅಂತಾರೆ. ಮಧ್ಯೆ ಬಾಯಿ ಹಾಕಿ ಬುದ್ಧಿ ಹೇಳುವವರು ಯಾರೂ ಇಲ್ಲ. ಫೀಸಿಲ್ಲ. ಕೊನೆಗೆ ಒಂದು ಚೀಲ ಸುತ್ತು ಬರುತ್ತದೆ, ಮನಸ್ಸಿದ್ದವರು ಹಾಕುತ್ತಾರೆ. ಚಹಾ ಕೊಡುವವರು ಹೊಸಬರ ಲೋಟಕ್ಕೆ ಅರ್ಧವೇ ಹೊಯ್ಯುತ್ತಾರೆ. ಕೈ ನಡುಗಿ ಚೆಲ್ಲಿದರೆ ಆ ಮನುಷ್ಯನಿಗೆ ನಾಚಿಕೆ ಆಗಬಾರದಲ್ವಾ? ಆ ಕೈ ನಡುಕ ಎಂಥದ್ದು ಅಂತ ಹೊಯ್ಯುವವರಿಗೂ ಗೊತ್ತು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು ಎದುರುಬದುರು ಕೂತು ಮಾತಾಡಿದ್ದರಿಂದ ಶುರುವಾದದ್ದು ಎಎ. ಇವತ್ತಿಗೂ ನಡೆಯುವುದು ಅದೇ.

ನಮ್ಮಲ್ಲಿ ಕುಡಿತ ಬಿಡಿಸಬೇಕು ಅಂದರೆ ದೈವದ ಎದುರು ಆಣೆ ಹಾಕಿಸುವ ರೂಢಿ ಇದೆ. ಜೀವಮಾನಕ್ಕೆ ಹಾಕಿದ ಆಣೆ ಒಂದು ಮದುವೆ ಮನೆಯಲ್ಲಿ ಮುರಿದರೆ, ಹೇಗೂ ತಪ್ಪಾಯಿತಲ್ಲ ಅಂತ ಆಮೇಲೆ ಕುಡಿತ ಇನ್ನೂ ಜೋರಾಗುತ್ತದೆ. ಮೀಟಿಂಗಿನಲ್ಲಿ ಕೇಳುವುದು ಇವತ್ತೊಂದು ದಿನ ಮಾತ್ರ. ಬಿದ್ದವರು ಮತ್ತೆ ಬಂದರೆ ಕುರ್ಚಿ ಇದ್ದೇ ಇರುತ್ತದೆ. ನನ್ನ ಕಣ್ಣಿಗೆ ಇದೇ ದೊಡ್ಡ ಉಪಕಾರ.

ಎಎ ಒಗ್ಗದವರಿಗೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿವೆ. ಊರಿನ ಸಭಾಭವನದಲ್ಲಿ 8 ದಿನ ನಡೆಯುತ್ತದೆ, ಕನ್ನಡ ತುಳುವಿನಲ್ಲೇ ಎಲ್ಲ. ಮುಗಿದ ಮೇಲೆ ನವಜೀವನ ಸಮಿತಿ ಅಂತ ಬಿಟ್ಟವರೇ ಸೇರುತ್ತಾರೆ. ಆ ಸಮಿತಿಗೆ ಹೋಗುವುದನ್ನು ತಪ್ಪಿಸಬಾರದು, ಶಿಬಿರಕ್ಕಿಂತ ಮುಖ್ಯ ಅದು.

ಊರಿಗೆ ದೂರದ ಮೀಟಿಂಗಿನಿಂದ ಇನ್ನೊಂದು ಅನುಕೂಲ ಇದೆ. ಪೆರ್ಲದ ಪೇಟೆಯಲ್ಲಿ ಎಲ್ಲರಿಗೂ ಎಲ್ಲರ ಮನೆಯ ವಿಷಯ ಗೊತ್ತು. ಗಡಿಯಾಚೆ ಮುಖ ಪರಿಚಯ ಕಡಿಮೆ, ಬಾಯಿ ಬೇಗ ಬಿಡುತ್ತದೆ. ಆದರೆ ವಾಪಸ್ ಬರುವ ದಾರಿಯ ಬಗ್ಗೆ ಎಚ್ಚರ ಬೇಕು. ಕೇರಳದಲ್ಲಿ ತಿಂಗಳ ಒಂದನೇ ತಾರೀಕು ಬಿವರೇಜಸ್ (ಸರ್ಕಾರಿ ಮದ್ಯದಂಗಡಿ) ಮುಚ್ಚಿರುತ್ತದೆ. ಆ ದಿನ ಕುಡಿಯುವುದಕ್ಕೆ ಅಂತಲೇ ಇಲ್ಲಿಂದ ಗಡಿ ದಾಟುವವರಿದ್ದಾರೆ. ಕರ್ನಾಟಕದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ಬಾರು, ಬಸ್ಸು ಮುಕ್ಕಾಲು ಗಂಟೆ ತಡ ಅಂದರೆ ಹೊಸದಾಗಿ ಬಿಟ್ಟವರಿಗೆ ಅದು ಬಹಳ ಕಷ್ಟದ ಹೊತ್ತು. ಶುರುವಿನ ಕೆಲವು ವಾರ ಯಾರಾದರೂ ಜೊತೆಗೆ ಹೋಗಲಿ. ಕೊನೆಯ ಬಸ್ಸಿನ ಹೊತ್ತು ಕೇಳಿಕೊಂಡೇ ಮೀಟಿಂಗ್ ಆರಿಸಿಕೊಳ್ಳಿ.

ನಿಮ್ಮ ಅಕ್ಕನಿಗೂ ಒಂದು ಜಾಗ ಬೇಕು. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಅಂತ ಬೇರೆಯೇ ಗುಂಪು ಇದೆ. ಭಾವ ಒಪ್ಪದಿದ್ದರೂ ಅಕ್ಕ ಹೋಗಬಹುದು. ಮಂಗಳೂರಿನ ಎಎಯವರಿಗೆ ಫೋನ್ ಮಾಡಿ ಮೀಟಿಂಗ್ ಬಗ್ಗೆ ಕೇಳಿ, ಅದನ್ನೂ ವಿಚಾರಿಸಿ. ಯಾವ ವಾರ, ಯಾವ ಭಾಷೆ, ಓಪನ್ನೋ ಕ್ಲೋಸ್ಡೋ ಅಂತ ಬರೆದಿಟ್ಟುಕೊಳ್ಳಿ. ಭಾವನೇ ಫೋನಿನಲ್ಲಿ ಎರಡು ಮಾತಾಡಿದರೆ ಇನ್ನೂ ಒಳ್ಳೆಯದು. ಆ ಕಡೆಯಿಂದ ಮಾತಾಡುವವರೂ ಕುಡಿತ ಬಿಟ್ಟವರೇ ಆಗಿರುತ್ತಾರೆ.