ಸ್ಕ್ಯಾನ್ ರಿಪೋರ್ಟಿನಲ್ಲಿ ಗರ್ಭಕೋಶ, ಅಂಡಾಶಯದ ಬಗ್ಗೆ ಬರೆದಿರುವ ಪದಗಳ ಅರ್ಥವೇನು?

ನೀವು ಕೇಳಿರುವುದು ಇದು: ವಯಸ್ಸು 32, ಕಿಬ್ಬೊಟ್ಟೆ ನೋವಿಗೆ ಸ್ಕ್ಯಾನ್ ಮಾಡಿಸಿದ್ದೀರಿ. ರಿಪೋರ್ಟಿನಲ್ಲಿ ‘ರೆಟ್ರೋವರ್ಟೆಡ್ ಯುಟೆರಸ್, ಇಟಿ 11 ಮಿ.ಮೀ., 18 ಮಿ.ಮೀ. ಇಂಟ್ರಾಮ್ಯೂರಲ್ ಫೈಬ್ರಾಯ್ಡ್, ಎಡ ಓವರಿಯಲ್ಲಿ 34 ಮಿ.ಮೀ. ಸಿಂಪಲ್ ಸಿಸ್ಟ್, ಬಲ ಓವರಿ ಪಾಲಿಸಿಸ್ಟಿಕ್, ಪಿಒಡಿಯಲ್ಲಿ ಮಿನಿಮಲ್ ಫ್ರೀ ಫ್ಲೂಯಿಡ್’ ಎಂದಿದೆ. ಡಾಕ್ಟರು ಸಿಗುವುದು ಮುಂದಿನ ವಾರ. ಇದರಲ್ಲಿ ಹೆದರಬೇಕಾದದ್ದು ಯಾವುದು?

ನಾನು ಇಂಥ ರಿಪೋರ್ಟಿನಲ್ಲಿ ಮೊದಲು ನೋಡುವುದು ಮೇಲ್ಗಡೆ ಮೂಲೆಯಲ್ಲಿರುವ ‘ಎಲ್‌ಎಂಪಿ’. ಕೊನೆಯ ಸಲ ಮುಟ್ಟಾದ ಮೊದಲ ದಿನ ಎಂದರ್ಥ, ಮುಟ್ಟು ನಿಂತ ದಿನವಲ್ಲ. ನಿಮ್ಮದು 5ನೇ ತಾರೀಕು, ಸ್ಕ್ಯಾನ್ ಆಗಿದ್ದು 24ಕ್ಕೆ, ಅಂದರೆ ಚಕ್ರದ 20ನೇ ದಿನ. ಈ ಒಂದು ಲೆಕ್ಕ ಇಲ್ಲದಿದ್ದರೆ ಉಳಿದ ಅರ್ಧದಷ್ಟು ಅಂಕಿಗಳಿಗೆ ಅರ್ಥವೇ ಇರುವುದಿಲ್ಲ.

‘ಇಟಿ’ ಎಂದರೆ ಎಂಡೋಮೆಟ್ರಿಯಲ್ ಥಿಕ್‌ನೆಸ್, ಗರ್ಭಕೋಶದ ಒಳಪದರದ ದಪ್ಪ. ಪ್ರತಿ ತಿಂಗಳು ಬೆಳೆದು, ಮುಟ್ಟಿನಲ್ಲಿ ಕಳಚಿ ಹೋಗುವುದು ಇದೇ ಪದರ. ಮುಟ್ಟಿನ ದಿನಗಳಲ್ಲಿ 1ರಿಂದ 4 ಮಿ.ಮೀ. ಇರುತ್ತದೆ, ಅಂಡ ಬಿಡುಗಡೆಯಾದ ಮೇಲೆ 7ರಿಂದ 16 ಮಿ.ಮೀ. ತನಕ ಹೋಗುತ್ತದೆ. 20ನೇ ದಿನಕ್ಕೆ 11 ಎಂಬುದು ಸಹಜ. ಇದೇ 11 ಮಿ.ಮೀ., ಮುಟ್ಟು ಪೂರ್ತಿ ನಿಂತುಹೋದ ಹೆಂಗಸಿಗೆ ಮತ್ತೆ ರಕ್ತ ಕಾಣಿಸಿಕೊಂಡಾಗ ಬಂದಿದ್ದರೆ ಕಥೆ ಬೇರೆ. ಅಲ್ಲಿ 4 ಮಿ.ಮೀ. ದಾಟಿದರೇ ಬಯಾಪ್ಸಿಯ ಮಾತು ಬರುತ್ತದೆ. ನೆಟ್‌ನಲ್ಲಿ ಹುಡುಕಿ ಗಾಬರಿಯಾಗುವವರಲ್ಲಿ ಬಹಳ ಮಂದಿ ಓದಿರುವುದು ಆ ವಯಸ್ಸಿನವರಿಗೆ ಬರೆದ ಸಾಲನ್ನು.

‘ರೆಟ್ರೋವರ್ಟೆಡ್’ ಎಂದರೆ ಗರ್ಭಕೋಶ ಬೆನ್ನಿನ ಕಡೆಗೆ ವಾಲಿದೆ. ಹೆಚ್ಚಿನವರಲ್ಲಿ ಮುಂದಕ್ಕೆ, ಮೂತ್ರಕೋಶದ ಮೇಲೆ ಬಾಗಿರುತ್ತದೆ, ಅದು ‘ಆಂಟಿವರ್ಟೆಡ್’. ಸುಮಾರು ಐವರಲ್ಲಿ ಒಬ್ಬರಿಗೆ ಹಿಂದಕ್ಕಿರುತ್ತದೆ. ಅದಷ್ಟೇ ಇದ್ದರೆ ಕಾಯಿಲೆಯಲ್ಲ, ಬಸಿರಾಗುವುದಕ್ಕೆ ಅಡ್ಡಿಯೂ ಅಲ್ಲ. ‘ಫಿಕ್ಸ್ಡ್’ ಎಂಬ ಪದ ಜೊತೆಗೆ ಬಂದಿದ್ದರೆ ಮಾತ್ರ, ಗರ್ಭಕೋಶ ಅಕ್ಕಪಕ್ಕದ ಅಂಗಗಳಿಗೆ ಅಂಟಿಕೊಂಡಿದೆಯೇ ಎಂದು ಡಾಕ್ಟರನ್ನು ಕೇಳಿ. ಎಂಡೋಮೆಟ್ರಿಯೋಸಿಸ್ (ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಇದ್ದಾಗ ಹಾಗಾಗುವುದುಂಟು.

ಫೈಬ್ರಾಯ್ಡ್ ವಿಷಯಕ್ಕೆ ಬಂದರೆ, ಎಲ್ಲರೂ ಕೇಳುವುದು ಗಾತ್ರವನ್ನು, ಕೇಳಬೇಕಾದದ್ದು ಜಾಗವನ್ನು. ಇದು ಗರ್ಭಕೋಶದ ಸ್ನಾಯುವಿನಲ್ಲೇ ಬೆಳೆಯುವ ಗಡ್ಡೆ, ಕ್ಯಾನ್ಸರ್ ಅಲ್ಲ; ಕ್ಯಾನ್ಸರ್ ಗಡ್ಡೆಯೊಂದು ಫೈಬ್ರಾಯ್ಡ್‌ನಂತೆ ಕಾಣಿಸುವುದು ಬಹಳ ಅಪರೂಪ. ಒಳಪದರದ ಕೆಳಗಿದ್ದು ಒಳಗಿನ ಜಾಗಕ್ಕೆ ಉಬ್ಬಿದರೆ ‘ಸಬ್‌ಮ್ಯೂಕೋಸಲ್’, ಗೋಡೆಯ ನಡುವೆ ಇದ್ದರೆ ‘ಇಂಟ್ರಾಮ್ಯೂರಲ್’, ಹೊರಮೈ ಕಡೆ ಉಬ್ಬಿದರೆ ‘ಸಬ್‌ಸೀರೋಸಲ್’. ಒಂದೂವರೆ ಸೆಂ.ಮೀ. ಸಬ್‌ಮ್ಯೂಕೋಸಲ್ ಗಡ್ಡೆ ಗಂಟೆಗೊಂದು ಪ್ಯಾಡ್ ಬದಲಿಸುವಷ್ಟು ರಕ್ತ ಹರಿಸಬಹುದು. ಹೊರಗಡೆಯ 5 ಸೆಂ.ಮೀ. ಗಡ್ಡೆ ಇರುವುದೇ ಗೊತ್ತಾಗದೆ ವರ್ಷಗಟ್ಟಲೆ ಇರಬಹುದು. ಕೆಲವು ರಿಪೋರ್ಟಿನಲ್ಲಿ ‘ಫಿಗೋ’ ಎಂದು 0ರಿಂದ 8ರವರೆಗೆ ಸಂಖ್ಯೆ ಕೊಟ್ಟಿರುತ್ತಾರೆ. ಅದು ಗಡ್ಡೆ ಇರುವ ಜಾಗ, ಕಾಯಿಲೆಯ ಹಂತವಲ್ಲ: 0, 1, 2 ಎಂದರೆ ಒಳಗಿನ ಜಾಗಕ್ಕೆ ಉಬ್ಬಿದವು. ನಿಮ್ಮದು 18 ಮಿ.ಮೀ., ಗೋಡೆಯೊಳಗೆ. ‘ಇದು ಒಳಪದರವನ್ನು ತಳ್ಳುತ್ತಿದೆಯೇ?’ ಇದೊಂದನ್ನು ಕೇಳಿಕೊಳ್ಳಿ. ಇಲ್ಲ ಎಂದರೆ, ರಕ್ತಸ್ರಾವವೂ ಎಂದಿನಂತೆಯೇ ಇದ್ದರೆ, ಸಾಮಾನ್ಯವಾಗಿ ಏನೂ ಮಾಡುವುದಿಲ್ಲ.

ಎಡಗಡೆಯ ಸಿಸ್ಟ್. ಇಲ್ಲಿ ಮುಖ್ಯವಾದ ಪದ ‘ಸಿಂಪಲ್’. ತೆಳು ಗೋಡೆ, ಒಳಗೆ ಬರೀ ನೀರು, ಅಡ್ಡಗೋಡೆಯಿಲ್ಲ, ಗಟ್ಟಿ ಭಾಗವಿಲ್ಲ. ‘ಅನೆಕೋಯಿಕ್’ ಎಂದು ಬರೆದಿದ್ದರೂ ಅದೇ: ನೀರು ಸ್ಕ್ಯಾನಿನಲ್ಲಿ ಕಪ್ಪಗೆ ಕಾಣುತ್ತದೆ. ಅಂಡ ಬೆಳೆಯುವ ಕೋಶಕ್ಕೆ ಫಾಲಿಕಲ್ ಎನ್ನುತ್ತಾರೆ; ಅದು ಸುಮಾರು 18ರಿಂದ 24 ಮಿ.ಮೀ.ಗೆ ಬಂದಾಗ ಒಡೆದು ಅಂಡ ಹೊರಬೀಳುತ್ತದೆ. ಕೆಲವು ತಿಂಗಳು ಒಡೆಯದೆ ನೀರು ತುಂಬಿಕೊಂಡು ಉಳಿಯುತ್ತದೆ. ನಿಮ್ಮದೂ ಬಹುಶಃ ಅದೇ. ಮುಟ್ಟಾಗುವ ವಯಸ್ಸಿನಲ್ಲಿ 5 ಸೆಂ.ಮೀ. ಒಳಗಿನ ಸಿಂಪಲ್ ಸಿಸ್ಟ್ ಎರಡು ಮೂರು ಚಕ್ರಗಳಲ್ಲಿ ತಾನಾಗಿಯೇ ಕರಗುವುದೇ ಹೆಚ್ಚು. ಕರಗಿಸಲೆಂದು ಗರ್ಭನಿರೋಧಕ ಮಾತ್ರೆ ಕೊಡುವ ರೂಢಿ ಇನ್ನೂ ಇದೆ, ಆದರೆ ಮಾತ್ರೆಯಿಂದ ಬೇಗ ಕರಗುತ್ತದೆ ಎಂಬುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಂಡಾಶಯದ ಕ್ಯಾನ್ಸರ್ ಸುಳಿವಿಗೆ ಮಾಡುವ ‘ಸಿಎ 125’ ರಕ್ತಪರೀಕ್ಷೆಯನ್ನು ನೀವಾಗಿಯೇ ಮಾಡಿಸಲು ಹೋಗಬೇಡಿ. ಮುಟ್ಟಿನ ದಿನಗಳಲ್ಲಿ, ಫೈಬ್ರಾಯ್ಡ್ ಇದ್ದಾಗ, ಎಂಡೋಮೆಟ್ರಿಯೋಸಿಸ್ ಇದ್ದಾಗಲೂ ಅದು ಏರುತ್ತದೆ, ಸುಮ್ಮನೆ ನಿದ್ದೆಗೆಡಬೇಕಾಗುತ್ತದೆ. ‘ಕಾಂಪ್ಲೆಕ್ಸ್’ (ಸಿಂಪಲ್ ಅಲ್ಲದ್ದು), ‘ಸೆಪ್ಟೇಶನ್’ (ಅಡ್ಡಗೋಡೆ), ‘ಸಾಲಿಡ್ ಕಾಂಪೊನೆಂಟ್’ (ಗಟ್ಟಿ ಭಾಗ), ‘ವ್ಯಾಸ್ಕುಲಾರಿಟಿ’ (ರಕ್ತದ ಹರಿವು) ಎಂಬ ಪದಗಳಿದ್ದರೆ ಇನ್ನಷ್ಟು ಪರಿಶೀಲನೆ ಬೇಕು. ನಿಮ್ಮ ರಿಪೋರ್ಟಿನಲ್ಲಿ ಅವು ಒಂದೂ ಇಲ್ಲ.

‘ಪಾಲಿಸಿಸ್ಟಿಕ್’ ನೋಡಿ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂಬ ಹಾರ್ಮೋನ್ ತೊಂದರೆ) ಬಂತು ಎಂದುಕೊಳ್ಳಬೇಡಿ. ಅಲ್ಲಿರುವುದು ಸಿಸ್ಟ್‌ಗಳೇ ಅಲ್ಲ, 2ರಿಂದ 9 ಮಿ.ಮೀ. ಗಾತ್ರದ ಎಳೆಯ ಫಾಲಿಕಲ್‌ಗಳು. ಒಂದು ಅಂಡಾಶಯದಲ್ಲಿ 20 ಅಥವಾ ಹೆಚ್ಚು ಕಂಡರೆ, ಇಲ್ಲವೇ ಅಂಡಾಶಯದ ಗಾತ್ರ 10 ಮಿ.ಲೀ. ಮುಟ್ಟಿದರೆ ಹಾಗೆ ಬರೆಯುತ್ತಾರೆ. 2003ರ ಮಾನದಂಡದಲ್ಲಿ ಈ ಎಣಿಕೆ 12 ಇತ್ತು. ಯಂತ್ರಗಳು ಚುರುಕಾಗಿ ಸಣ್ಣ ಫಾಲಿಕಲ್‌ಗಳೂ ಕಾಣತೊಡಗಿದ ಮೇಲೆ ಏರಿಸಿದರು. ಪಿಸಿಒಎಸ್ ಎನ್ನಬೇಕಾದರೆ ಮೂರರಲ್ಲಿ ಎರಡು ಬೇಕು: ಮುಟ್ಟಿನ ಏರುಪೇರು, ಗಂಡುಹಾರ್ಮೋನ್ ಹೆಚ್ಚಿರುವ ಲಕ್ಷಣ (ಗಲ್ಲದ ಮೇಲೆ ಒರಟು ಕೂದಲು, ಬಿಡದ ಮೊಡವೆ, ಅಥವಾ ರಕ್ತಪರೀಕ್ಷೆಯಲ್ಲಿ ಹೆಚ್ಚಿನ ಅಂಕಿ), ಮತ್ತು ಸ್ಕ್ಯಾನಿನ ಈ ಚಿತ್ರ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ತೊಂದರೆ ಇಲ್ಲವೆಂದೂ ಖಚಿತವಾಗಬೇಕು. ನಿಮಗೆ 28-30 ದಿನಕ್ಕೆ ಸರಿಯಾಗಿ ಮುಟ್ಟಾಗುತ್ತದೆ, ಉಳಿದ ಲಕ್ಷಣವೂ ಇಲ್ಲ ಎಂದಿದ್ದೀರಿ. ಹಾಗಾದರೆ ಬರೀ ಸ್ಕ್ಯಾನ್ ನೋಡಿ ಆ ಹೆಸರು ಅಂಟಿಸುವಂತಿಲ್ಲ.

‘ಪಿಒಡಿ’ ಎಂದರೆ ಪೌಚ್ ಆಫ್ ಡಗ್ಲಸ್, ಗರ್ಭಕೋಶಕ್ಕೂ ಗುದನಾಳಕ್ಕೂ ನಡುವಿನ ತಗ್ಗು. ಅಂಡ ಬಿಡುಗಡೆಯಾದ ಮೇಲೆ ಅಲ್ಲಿ ಸ್ವಲ್ಪ ನೀರು ನಿಲ್ಲುವುದು ಮಾಮೂಲು.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಒಂದು ಬದಿಯಲ್ಲಿ ತಟ್ಟನೆ ತಡೆಯಲಾಗದ ನೋವು, ಜೊತೆಗೆ ವಾಂತಿ ಬಂದರೆ, ಸಿಸ್ಟ್ ಇರುವ ಅಂಡಾಶಯ ತಿರುಚಿಕೊಂಡು ರಕ್ತ ಸಂಚಾರ ನಿಂತಿರಬಹುದು. ಮುಂದಿನ ವಾರದ ತನಕ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ. ಮುಟ್ಟು ತಪ್ಪಿ ನೋವೋ ರಕ್ತವೋ ಕಂಡರೆ, ಅಥವಾ ತಲೆಸುತ್ತಿ ಕಣ್ಣು ಕತ್ತಲಿಟ್ಟರೆ, ಆಗಲೂ ತಡಮಾಡಬೇಡಿ. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದೆಯೇ ಎಂದು ನೋಡಲೇಬೇಕಾಗುತ್ತದೆ.

ಡಾಕ್ಟರು ಮತ್ತೆ ಸ್ಕ್ಯಾನ್ ಬೇಕೆಂದರೆ, ಎರಡು ಮೂರು ತಿಂಗಳು ಬಿಟ್ಟು, ಮುಟ್ಟಿನ 5ರಿಂದ 10ನೇ ದಿನದೊಳಗೆ ಮಾಡಿಸಿ. ಆಗ ಒಳಪದರ ತೆಳ್ಳಗಿರುತ್ತದೆ, ಆ ತಿಂಗಳ ಫಾಲಿಕಲ್ ಇನ್ನೂ ದೊಡ್ಡದಾಗಿರುವುದಿಲ್ಲ, ಹಳೆಯ ಸಿಸ್ಟ್ ಉಳಿದಿದೆಯೋ ಕರಗಿದೆಯೋ ಸ್ಪಷ್ಟವಾಗುತ್ತದೆ. ಹೊಟ್ಟೆಯ ಮೇಲಿಂದ ನೋಡುವುದಾದರೆ ಮೂತ್ರಕೋಶ ತುಂಬಿರಬೇಕು, ‘ಟಿವಿಎಸ್’ ಅಂದರೆ ಯೋನಿಯ ಮೂಲಕ ನೋಡುವುದಾದರೆ ಖಾಲಿ ಇರಬೇಕು. ಹಳೆಯ ರಿಪೋರ್ಟ್ ಜೊತೆಗೆ ಒಯ್ಯಿರಿ, ಹೋಲಿಸಲು ಬೇಕಾಗುತ್ತದೆ.