ಹುಳಿಗೆ ಸೋಡಾ ಹಾಕಿದರೆ ಬರೀ ಬುರುಗು

ಮನೆಯಲ್ಲೇ ಮಾಡಿಕೊಳ್ಳುವ ಕ್ಲೀನರ್‌ಗಳ ಬಗ್ಗೆ ಈ ಸಲ ರಾಶಿ ಪ್ರಶ್ನೆ ಬಂದಿವೆ. ಒಂದೇ ತರಹದವನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ.

ವಿನೆಗರ್‌ಗೆ ಅಡುಗೆ ಸೋಡಾ ಸೇರಿಸಿ ಬಾಟಲಿಯಲ್ಲಿ ಇಟ್ಟುಕೊಂಡರೆ ಎಲ್ಲ ಕಲೆಗೂ ಆಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಮಾಡಿದೆ. ಬುರುಗು ಜೋರಾಗಿಯೇ ಬಂತು, ಸಿಂಕ್ ಮಾತ್ರ ಹಾಗೇ ಇದೆ. ಯಾಕೆ?
— ಮೈಸೂರಿನ ಓದುಗರು

ಆ ಬುರುಗಿನಲ್ಲೇ ಎರಡರ ಕಸುವೂ ಹೋಯಿತು. ವಿನೆಗರ್ ಹುಳಿ, ಸೋಡಾ ಕ್ಷಾರ. ಸೇರಿಸಿದರೆ ಒಂದು ಇನ್ನೊಂದನ್ನು ಮುಗಿಸಿಬಿಡುತ್ತದೆ. ಗ್ಯಾಸ್ ಹಾರಿಹೋಗಿ ಬಾಟಲಿಯಲ್ಲಿ ಉಳಿಯುವುದು ಹೆಚ್ಚುಕಮ್ಮಿ ಉಪ್ಪು ನೀರು. ಬುರುಗು ನಿಲ್ಲುವ ಮುಂಚೆ ಮುಚ್ಚಳ ಬಿಗಿದರೆ ಬಾಟಲಿ ಸಿಡಿಯುವ ಭಯ ಬೇರೆ.

ಕಲೆ ಯಾವುದು ಅಂತ ಮೊದಲು ನೋಡಿ. ಜಿಡ್ಡಿಗೆ ಕ್ಷಾರ ಬೇಕು, ಬೋರ್ ನೀರಿನ ಬಿಳಿ ಕಲೆಗೆ ಹುಳಿ ಬೇಕು. ಸಿಂಕ್ ಒಳಗಿನ ಜಿಡ್ಡಿಗೆ ಸೋಡಾ ಉದುರಿಸಿ, ಒಣಗಿದ ಹೀರೆಕಾಯಿ ನಾರಿನಿಂದ ತಿಕ್ಕಿ, ಬಿಸಿನೀರು ಹಾಕಿ ತೊಳೆಯಿರಿ. ಅದು ಮುಗಿದ ಮೇಲೆ ನಲ್ಲಿಯ ಬುಡಕ್ಕೆ ವಿನೆಗರ್‌ನಲ್ಲಿ ಅದ್ದಿದ ಹಳೇ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡಿ. ಬಿಚ್ಚಿ ಉಜ್ಜಿದರೆ ಆ ಸುಣ್ಣದ ಪದರ ಪುಡಿಪುಡಿಯಾಗಿ ಬರುತ್ತದೆ. ನನ್ನನ್ನು ಕೇಳಿದರೆ ವಿನೆಗರ್‌ಗಿಂತ ನಿಂಬೆ ಉಪ್ಪೇ (ಸಿಟ್ರಿಕ್ ಆಸಿಡ್) ವಾಸಿ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಸಾಕು. ವಾಸನೆ ಇಲ್ಲ, ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಕೊಟ್ಟರೆ ಮನೆಗೆ ಇನ್ನೊಂದು ಬಾಟಲಿಯೂ ಬರುವುದಿಲ್ಲ.

ಮೋಸಂಬಿ ಸಿಪ್ಪೆಯ ಬಯೋ ಎಂಜೈಮ್ ಹಾಕಿಟ್ಟಿದ್ದೇನೆ. ಬಾಟಲಿ ಊದಿಕೊಂಡಿದೆ, ಮೇಲೆ ಬಿಳಿ ಪದರ ಕಟ್ಟಿದೆ. ಚೆಲ್ಲಿಬಿಡಲಾ?
— ಬೆಂಗಳೂರಿನ ಓದುಗರು

ಚೆಲ್ಲಬೇಡಿ. ಮೊದಲು ಮುಚ್ಚಳ ಸಡಿಲ ಮಾಡಿ, ಆಮೇಲೆ ಮುಂದೆ ಓದಿ.

ಅಳತೆ ನಿಮಗೆ ಗೊತ್ತೇ ಇರಬೇಕು: ಬೆಲ್ಲ ಒಂದು ಪಾಲು, ಸಿಪ್ಪೆ ಮೂರು, ನೀರು ಹತ್ತು. ಅಂದರೆ 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, 1 ಲೀಟರ್ ನೀರು. ಬೆಲ್ಲ ತಿಂದು ಯೀಸ್ಟ್ ಗ್ಯಾಸ್ ಬಿಡುತ್ತದೆ, ಅದಕ್ಕೇ ಬಾಟಲಿ ಊದಿದೆ. ಮೊದಲ ತಿಂಗಳು ದಿನಾ ಒಂದು ಸಲ ಮುಚ್ಚಳ ತೆಗೆದು ಹಾಕಬೇಕು. ಕಾಲು ಭಾಗ ಖಾಲಿ ಬಿಟ್ಟಿರಬೇಕು, ಮತ್ತೆ ಗಾಜಿನ ಬಾಟಲಿ ಬೇಡವೇ ಬೇಡ, ಒಡೆದರೆ ಅಡುಗೆಮನೆ ತುಂಬಾ ಚೂರು. ಬಿಳಿ ಪದರಕ್ಕೆ ಹೆದರಬೇಡಿ. ಕಪ್ಪು ಅಥವಾ ಹಸಿರು ಬೂಷ್ಟು ಕೂದಲಿನ ಹಾಗೆ ಬೆಳೆದಿದ್ದರೆ ಮಾತ್ರ ಎಲ್ಲವನ್ನೂ ಗೊಬ್ಬರದ ಗುಂಡಿಗೆ ಹಾಕಿ. ಸುಮಾರು 3 ತಿಂಗಳಿಗೆ ಹುಳಿ ವಾಸನೆಯ ಕಂದು ನೀರಾಗುತ್ತದೆ. ಸೋಸಿಕೊಂಡು, ನೆಲ ಒರೆಸುವ ಬಕೆಟ್ ನೀರಿಗೆ ಅರ್ಧ ಲೋಟದಷ್ಟು ಹಾಕಿ.

ಇದರ ಬಗ್ಗೆ ಹೊಗಳಿಕೆ ಸ್ವಲ್ಪ ಜಾಸ್ತಿಯೇ ಆಗಿದೆ ಅನ್ನಿಸುತ್ತದೆ. ಕೊನೆಗೆ ಇದರಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಹುಳಿ. ಬಚ್ಚಲಿನ ಟೈಲ್ಸ್‌ಗೆ ಚೆನ್ನಾಗಿದೆ, ಕಸಕ್ಕೆ ಹೋಗುವ ಸಿಪ್ಪೆಗೊಂದು ಉಪಯೋಗವೂ ಆಯಿತು. ಆದರೆ ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆಗಿದ್ದರೆ ರೋಗಾಣು ಕೊಲ್ಲಲು ಇದನ್ನು ನಂಬಬೇಡಿ. ಕೆರೆಗೆ ಸುರಿದರೆ ಕೆರೆ ಶುದ್ಧವಾಗುತ್ತದೆ ಅನ್ನುವ ಮಾತನ್ನಂತೂ ಸುಮ್ನೆ ಬಿಡಿ.

ಅಡುಗೆ ಕಟ್ಟೆ ಶಹಾಬಾದ್ ಕಲ್ಲಿನದು. ದಿನಾ ನಿಂಬೆ ಸಿಪ್ಪೆಯಿಂದ ಉಜ್ಜಿ ಹೊಳಪೆಲ್ಲ ಹೋಗಿ ಮಂಕಾಗಿದೆ. ಏನು ಹಚ್ಚಬೇಕು?
— ಕಲಬುರಗಿಯ ಓದುಗರು

ಏನು ಹಚ್ಚಿದರೂ ಹೊಳಪು ವಾಪಸ್ ಬರುವುದಿಲ್ಲ, ಪಾಲಿಶ್ ಮಾಡಿಸಬೇಕು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಕಡಪ, ಕೋಟಾ ಕಲ್ಲುಗಳೂ ಅದೇ ಜಾತಿ. ನಿಂಬೆ, ವಿನೆಗರ್, ಬಯೋ ಎಂಜೈಮ್, ಯಾವ ಹುಳಿ ಬಿದ್ದರೂ ಮೇಲ್ಮೈ ಸವೆಯುತ್ತದೆ. ಅಮೃತಶಿಲೆಗೂ ಇದೇ ಗತಿ. ಮಲೆನಾಡು, ಕರಾವಳಿಯ ಹಳೇ ಮನೆಗಳ ಕೆಂಪು ಗಾರೆ ನೆಲಕ್ಕೂ ಹುಳಿ ಆಗದು. ಗ್ರಾನೈಟ್ ಮಾತ್ರ ತಡೆಯುತ್ತದೆ. ನಿಮ್ಮದು ಯಾವ ಕಲ್ಲು ಅಂತ ಅನುಮಾನ ಇದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ನೋಡಿ. ಸಣ್ಣಗೆ ಗುಳ್ಳೆ ಎದ್ದರೆ ಸುಣ್ಣದ ಕಲ್ಲು. ಇಲ್ಲಿಂದ ಮುಂದೆ ಸೋಪಿನ ನೀರು ಅಥವಾ ಅಂಟುವಾಳದ ನೀರು ಸಾಕು, ಮೊಸರು, ಹುಣಸೆ ರಸ ಚೆಲ್ಲಿದರೆ ಆಗಲೇ ಒರೆಸಿಬಿಡಿ.

ಅಂಟುವಾಳ ಬೇಯಿಸಿಟ್ಟ ನೀರು ಬೇಗ ಕೆಟ್ಟು ವಾಸನೆ ಬರುತ್ತದೆ. ನೊರೆಯೂ ಕಮ್ಮಿ. ಪಾತ್ರೆ ನಿಜವಾಗಿ ಶುದ್ಧ ಆಗುತ್ತದಾ?
— ಶಿರಸಿಯ ಓದುಗರು

ಅಂಟುವಾಳದ ಊರಿನವರೇ ಕೇಳುತ್ತಿದ್ದೀರಲ್ಲ! ಕಪ್ಪು ಬೀಜ ತೆಗೆದು, ಹತ್ತು ಹನ್ನೆರಡು ಕಾಯಿಯ ಸಿಪ್ಪೆಯನ್ನು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಹಿಸುಕಿ ಸೋಸಿ. ಸಿಪ್ಪೆ ಮೆತ್ತಗೆ ಅಂಟಂಟಾಗಿ, ಬೆರಳ ಸಂದಿಯಿಂದ ಜಾರುವಂತಾಗಬೇಕು. ಅಷ್ಟರವರೆಗೆ ಬಿಡಬೇಡಿ. ಅದರಲ್ಲಿ ಸಂರಕ್ಷಕ ಏನೂ ಇಲ್ಲ, ಹೊರಗಿಟ್ಟರೆ ಕೆಡುವುದೇ. ವಾರಕ್ಕೆ ಬೇಕಾದಷ್ಟು ಮಾತ್ರ ಮಾಡಿ ಫ್ರಿಜ್‌ನಲ್ಲಿಡಿ, ಜಾಸ್ತಿ ಆದರೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ.

ನೊರೆಗೂ ಶುದ್ಧಕ್ಕೂ ಅಂಥ ಸಂಬಂಧ ಇಲ್ಲ. ನೊರೆ ನೋಡಬೇಕೆಂದರೆ ಬೆಂಗಳೂರಿನ ಬೆಳ್ಳಂದೂರು ಕೆರೆಯಿಂದ ರಸ್ತೆಗೆ ಹಾರಿ ಬರುತ್ತಿತ್ತಲ್ಲ, ಅದನ್ನು ನೆನಪಿಸಿಕೊಳ್ಳಿ. ಶುದ್ಧೀಕರಿಸದೆ ಬಿಟ್ಟ ಕೊಳಚೆಯಲ್ಲಿದ್ದ ಡಿಟರ್ಜೆಂಟ್ ಅದಕ್ಕೆ ದೊಡ್ಡ ಕಾರಣ. ಅಂಟುವಾಳದ ಮಿತಿಯೂ ಹೇಳಬೇಕು. ಚಹಾ ಲೋಟ, ಅನ್ನದ ಪಾತ್ರೆ, ರೇಷ್ಮೆ ಸೀರೆಗೆ ಬಹಳ ಒಳ್ಳೆಯದು. ಬೋಂಡಾ ಕರಿದ ಬಾಣಲೆಗೆ ಸಾಲದು, ಮೊದಲು ಕಡಲೆಹಿಟ್ಟು ಉದುರಿಸಿ ಎಣ್ಣೆ ಒರೆಸಿಕೊಳ್ಳಿ. ಬಿಳಿ ಬಟ್ಟೆ ಸ್ವಲ್ಪ ಹಳದಿಗೆ ತಿರುಗಬಹುದು. ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಇನ್ನೊಂದು: ಅದರಲ್ಲಿ ನೊರೆ ಬರಿಸುವ ಸಪೋನಿನ್ ಅನ್ನುವ ಅಂಶ ಮೀನಿಗೆ ವಿಷ. ಹಾಗಾಗಿ ಗಿಡದಿಂದ ಬಂದದ್ದು ಅಂತ ಹಳ್ಳಕ್ಕೆ, ಬಾವಿಕಟ್ಟೆಯ ಹತ್ತಿರ ಚೆಲ್ಲಬೇಡಿ.

ಟಾಯ್ಲೆಟ್‌ಗೆ ಬ್ಲೀಚಿಂಗ್ ಪೌಡರ್ ಹಾಕಿ ಮೇಲಿಂದ ವಿನೆಗರ್ ಸುರಿದರೆ ಡಬಲ್ ಶುದ್ಧ ಆಗುತ್ತದಾ?
— ದಾವಣಗೆರೆಯ ಓದುಗರು

ಖಂಡಿತಾ ಬೇಡ. ಕ್ಲೋರಿನ್ ಗ್ಯಾಸ್ ಬರುತ್ತದೆ. ಬಾಗಿಲು ಹಾಕಿದ ಚಿಕ್ಕ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಬ್ಲೀಚ್ ಜೊತೆ ನಿಂಬೆ ಉಪ್ಪು, ಬಯೋ ಎಂಜೈಮ್, ಅಂಗಡಿಯ ಟಾಯ್ಲೆಟ್ ಆಸಿಡ್ ಯಾವುದೂ ಸೇರಬಾರದು. ಬ್ಲೀಚ್ ಹಾಕುವ ದಿನ ಬರೀ ಬ್ಲೀಚ್, ಬರೀ ನೀರು.

ಹಿತ್ತಾಳೆ ದೀಪಕ್ಕೆ, ಅಲ್ಯೂಮಿನಿಯಂ ಪಾತ್ರೆಗೆ ಎರಡಕ್ಕೂ ಒಲೆ ಬೂದಿ ಬಳಸಬಹುದಾ?
— ಹಾಸನದ ಓದುಗರು

ಹಿತ್ತಾಳೆಗೆ ಮೊದಲು ಹುಣಸೆಹಣ್ಣು, ಉಪ್ಪು. ತೊಳೆದ ಮೇಲೆ ಜರಡಿ ಹಿಡಿದ ಒಣ ಬೂದಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಹುಣಸೆ ಸ್ವಲ್ಪ ಉಳಿದರೂ ಮಾರನೇ ದಿನಕ್ಕೆ ಹಸಿರು ಕಲೆ, ಆದ್ದರಿಂದ ಚೆನ್ನಾಗಿ ತೊಳೆದು ಒರೆಸಿ. ಅಲ್ಯೂಮಿನಿಯಂಗೆ ಬೂದಿ, ಸೋಡಾ ಎರಡೂ ಬೇಡ, ಕಪ್ಪಾಗುತ್ತದೆ. ಅದಕ್ಕೆ ಹುಣಸೆ ಸಿಪ್ಪೆ ಹಾಕಿ ನೀರು ಕುದಿಸಿ ಚೆಲ್ಲಿ. ಒಲೆಗೆ ಪ್ಲಾಸ್ಟಿಕ್ ಕವರ್ ಹಾಕುವ ಅಭ್ಯಾಸ ಇದ್ದರೆ ಆ ಬೂದಿ ಪಾತ್ರೆಗೆ ಬೇಡ.