ಅಜ್ಜಿ ಹೇಗಿದ್ದಾಳೆ?

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹುಡುಗನಿಗೆ 24. ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನು. ನೋವಿನ ಮಾತ್ರೆ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುವ ಚಟ. "ಅಜ್ಜಿ ಬಿದ್ದು ಆಸ್ಪತ್ರೆ ಸೇರಿದ್ದಾಳೆ, ಬೇಗ ಬಾ" ಎಂದು ಅಪ್ಪ ಫೋನ್ ಮಾಡಿ ಕರೆಸಿ, ನಾನು ಕೆಲಸ ಮಾಡುವ ಚಟ ಬಿಡಿಸುವ ಕೇಂದ್ರಕ್ಕೆ ದಾಖಲು ಮಾಡಿಸಿದ್ದರು.

ಒತ್ತಾಯಕ್ಕೆ ಬರುವವರು ಬಹುತೇಕ ಹೀಗೇ ಬರುತ್ತಾರೆ. ರಕ್ತ ಪರೀಕ್ಷೆ, ದೇವಸ್ಥಾನ, ಇಂಟರ್‌ವ್ಯೂ, ಏನೋ ಒಂದು ನೆಪ. ಫೈಲಿನಲ್ಲಿ ನಾವು 'ಚಟ ಒಪ್ಪುತ್ತಿಲ್ಲ, ವಿಪರೀತ ಸಿಟ್ಟು' ಎಂದು ಬರೆಯುತ್ತೇವೆ. ಆ ಸಿಟ್ಟಿನಲ್ಲಿ ಚಟದ ಪಾಲೆಷ್ಟು, ಮೋಸಹೋದ ಪಾಲೆಷ್ಟು ಎಂದು ನಾನೂ ಬಹಳ ಕಾಲ ಕೇಳಿರಲಿಲ್ಲ.

ಮೊದಲ ಮೂರು ದಿನ ಮೈಕೈ ನೋವು, ಸೋರುವ ಮೂಗು, ನಿದ್ದೆಯಿಲ್ಲ. ಮಾತ್ರೆ ನಿಂತರೆ ಆಗುವುದೇ ಅದು. ನಾಲ್ಕನೇ ದಿನ ಅಪ್ಪನ ಜೊತೆ ಕೂರಿಸಿದೆ. ಬೈಗುಳ ನಿರೀಕ್ಷಿಸಿದ್ದೆ.

"ಮೇಡಂ, ಅಜ್ಜಿ ಹೇಗಿದ್ದಾಳೆ ಅಂತ ಕೇಳ್ತಾನೇ ಇದೀನಿ. ಯಾರೂ ಹೇಳ್ತಿಲ್ಲ. ಹೋಗ್ಬಿಟ್ಲಾ?"

ಅಪ್ಪ ನೆಲ ನೋಡುತ್ತ ಕೂತರು. 'ಇವನಿಗೆ ಯಾರೂ ಬೇಡ ಮೇಡಂ, ಮಾತ್ರೆ ಒಂದಿದ್ರೆ ಸಾಕು' ಎಂದು ಹಿಂದಿನ ದಿನವಷ್ಟೇ ಹೇಳಿದ್ದವರು. ಅಜ್ಜಿ ಎಂದೊಡನೆ ಓಡಿ ಬಂದವನು ಇವನೇ ಅಲ್ಲವೆ?

ಅಪ್ಪನನ್ನು ಹೊರಗೆ ಕರೆದು ಹೇಳಿದೆ: ಸೇರಿಸಿದ್ದಕ್ಕೆ ಕ್ಷಮೆ ಕೇಳಬೇಡಿ, ಸುಳ್ಳು ಹೇಳಿದ್ದಕ್ಕೆ ಕೇಳಿ. ಇವತ್ತೇ. ಹುಡುಗನಿಗೂ ತಿಳಿಸಿದೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಕಲಂ ಪ್ರಕಾರ, ಅಂದರೆ ನೀನು ಒಪ್ಪದಿದ್ದರೂ ಮನೆಯವರ ಕೋರಿಕೆಯ ಮೇಲೆ ಇಲ್ಲಿದ್ದೀಯ, ಅದಕ್ಕೆ 30 ದಿನಗಳ ಮಿತಿಯಿದೆ, ಬೇಡವೆನಿಸಿದರೆ ಇಂಥ ದಾಖಲಾತಿಯನ್ನು ಪರಿಶೀಲಿಸುವ ಪುನರ್ವಿಮರ್ಶಾ ಮಂಡಳಿಗೆ ಅರ್ಜಿ ಹಾಕಬಹುದು. "ಓಡಿಹೋಗೋಕೆ ನೀವೇ ದಾರಿ ತೋರಿಸ್ತೀರಲ್ಲ" ಎಂದರು ಸಹೋದ್ಯೋಗಿಯೊಬ್ಬರು. ಇರಬಹುದು. ಅಪ್ಪನಿಂದ ಸುಳ್ಳಿಗೆ ಕ್ಷಮೆ ಕೇಳಿಸಿ, ನಾನು ಕಾಯ್ದೆ ಬಚ್ಚಿಡಲೇ?

ಅಪ್ಪ ಅರ್ಧಂಬರ್ಧ ಕ್ಷಮೆ ಕೇಳಿದರು. ಹುಡುಗ ಅಜ್ಜಿಗೆ ಫೋನ್ ಹಚ್ಚಿಕೊಡಿ ಎಂದ, ಅಷ್ಟೇ. ಅರ್ಜಿ ಹಾಕಲಿಲ್ಲ.

ಮನೆಗೆ ಹೊರಟ ದಿನ ಅಪ್ಪನೆದುರೇ ಅವನನ್ನು ಎಚ್ಚರಿಸಿದೆ: ಇಷ್ಟು ದಿನ ಬಿಟ್ಟ ಮೈ ಹಳೆಯ ಲೆಕ್ಕದ ಮಾತ್ರೆ ತಡೆಯುವುದಿಲ್ಲ, ಉಸಿರೇ ನಿಲ್ಲಬಹುದು. "ತಗೋ ಅಂತ ಹೇಳಿಕೊಡ್ತಿದ್ದೀರಾ?" ಎಂದು ಅಪ್ಪ ರೇಗಿದರು. ರೇಗಲಿ. ಚಿಕಿತ್ಸೆ ಮುಗಿಸಿ ಹೋದ ಮೊದಲ ವಾರಗಳಲ್ಲೇ ಈ ಅಪಾಯ ಹೆಚ್ಚು. ಬಿಡುವ ಮನಸ್ಸು ತಾನಾಗಿ ಮಾಡದೆ ಬಂದವನಿಗಂತೂ ಬಿಡಿಸಿಯೇ ಹೇಳಬೇಕು.

"ಇದು ಗೊತ್ತಿರ್ಲಿಲ್ಲ ಮೇಡಂ" ಎಂದ ಹುಡುಗ.